ಮೈಲುತುತ್ತದ ನೀರಿನಲ್ಲಿ ಸುಮ್ಮನಿದ್ದವರು

ಬೀದರ್‌ನ ಬಿದ್ರಿ ಕೆಲಸಗಾರರು ಎರಕದಿಂದ ತೆಗೆದ ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಅದರ ಮೈಗೆ ಮೈಲುತುತ್ತದ (ತಾಮ್ರದ ಸಲ್ಫೇಟ್‌ನ) ನೀಲಿ ನೀರು ಸವರುತ್ತಾರೆ. ಬೂದು ಲೋಹ ನೋಡನೋಡುತ್ತ ಕಪ್ಪಾಗುತ್ತದೆ. ಇದು ಉಳಿಯುವ ಕಪ್ಪಲ್ಲ. ಉಕ್ಕಿನ ಮೊನೆಯಿಂದ ಗೀರುವ ಬಳ್ಳಿ, ಹೂವು ಕಣ್ಣಿಗೆ ಕಾಣಲೆಂದು ಮಾಡಿಕೊಂಡ ಕರಿಹಲಗೆ.

ಹೂಜಿಯ ಬಹುಪಾಲು ಸತು. ಅದು ಅಯಾನಾಗಿ ನೀರಿಗಿಳಿಯುತ್ತದೆ. ನೀರಿನಲ್ಲಿದ್ದ ತಾಮ್ರ ಪುಡಿಪುಡಿಯಾಗಿ ಮೈಗಂಟಿ ಕಪ್ಪಗೆ ಕಾಣುತ್ತದೆ. ಸಲ್ಫೇಟ್? ಹೇಗೆ ಬಂದಿತ್ತೋ ಹಾಗೇ ಇದೆ. ಬೀದರ್ ಕಡೆಯ ಹತ್ತನೇ ತರಗತಿ ಮಕ್ಕಳಿಗೆ, ಹೀಗೆ ಕ್ರಿಯೆಯಲ್ಲಿ ಸೇರದೆ ಸುಮ್ಮನಿರುವ ಪ್ರೇಕ್ಷಕ ಅಯಾನು ಎಂದರೇನೆಂದು ತೋರಿಸಲು ಇಷ್ಟು ಹತ್ತಿರದ ಪ್ರಯೋಗಶಾಲೆ ಬೇರೆಲ್ಲಿದೆ?

ಆಮ್ಲ, ಪ್ರತ್ಯಾಮ್ಲ ಸೇರಿದಾಗಲೂ ಇದೇ ಕಥೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸುರಿದರೆ ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು ಕೂಡಿ ನೀರಾಗುತ್ತವೆ. ಸೋಡಿಯಂ ಮತ್ತು ಕ್ಲೋರೈಡ್ ದಿಬ್ಬಣದ ಜೊತೆ ಬಂದವರು. ತಾಳಿ ಕಟ್ಟಿದ ಮೇಲೂ ಚಪ್ಪರದಲ್ಲೇ ಓಡಾಡಿಕೊಂಡಿರುತ್ತಾರೆ. ‘ಉಪ್ಪು ಉಂಟಾಯಿತು’ ಎಂದು ಬರೆದುಬಿಡುವುದು ನನಗೇನೋ ಅವಸರ ಅನ್ನಿಸುತ್ತದೆ. ನೀರು ಆರಿಸುವವರೆಗೆ ಅಲ್ಲಿ ಉಪ್ಪಿನ ಹರಳೇ ಇಲ್ಲ.

ಸೋಡಿಯಂ, ಕ್ಲೋರೈಡ್ ಬರೀ ಜೊತೆಗಾರರು ಎಂಬುದಕ್ಕೆ ಶಾಖವೇ ಸಾಕ್ಷಿ. ಹೈಡ್ರೋಕ್ಲೋರಿಕ್ ಬದಲು ನೈಟ್ರಿಕ್ ಆಮ್ಲ, ಸೋಡಿಯಂ ಬದಲು ಪೊಟ್ಯಾಸಿಯಂ ತಂದರೂ, ಒಂದು ಮೋಲ್ ನೀರು ಹುಟ್ಟುವಾಗ ಹೊಮ್ಮುವ ಶಾಖ ಸುಮಾರು 57 ಕಿಲೋಜೌಲ್. ಜೊತೆಗಾರರು ಬದಲಾದರೂ ನಡೆಯುವ ಕ್ರಿಯೆ ಒಂದೇ. ಅಯಾನುಗಳು ನೀರಿನಲ್ಲಿ ಬಿಡಿಬಿಡಿಯಾಗಿರುತ್ತವೆ ಎಂದು 1887ರಲ್ಲಿ ವಾದಿಸಿದ ಸ್ವೀಡನ್ನಿನ ಅರೇನಿಯಸ್‌ಗೆ ಈ ಒಂದೇ ಲೆಕ್ಕ ದೊಡ್ಡ ಬಲವಾಯಿತು. 1903ರಲ್ಲಿ ನೊಬೆಲ್ ಕೂಡ ಬಂತು.

ಪ್ರೇಕ್ಷಕ ಅಯಾನನ್ನು ಹುಡುಕುವ ಬಗೆ ಸರಳ: ಸಮೀಕರಣದಲ್ಲಿ ಕರಗಿ ಬಿಡಿಯಾಗುವುದನ್ನೆಲ್ಲ ಬಿಡಿಯಾಗಿ ಬರೆದು, ಎರಡೂ ಕಡೆ ಒಂದೇ ರೂಪದಲ್ಲಿರುವುದನ್ನು ಹೊಡೆದುಹಾಕಿ. ಹೆಸರು ನೋಡಿ ಮಾತ್ರ ತೀರ್ಮಾನಿಸಬೇಡಿ. ಹೂಜಿಯ ಮೇಲೆ ಸುಮ್ಮನಿದ್ದ ಅದೇ ಸಲ್ಫೇಟ್, ಸಲ್ಫ್ಯೂರಿಕ್ ಆಮ್ಲದೊಂದಿಗೆ ಬೇರಿಯಂ ಹೈಡ್ರಾಕ್ಸೈಡ್‌ಗೆ ಬಿದ್ದರೆ ಬೇರಿಯಂ ಅನ್ನು ಹಿಡಿದು ಬಿಳಿ ಗಷ್ಟಾಗಿ ತಳಕ್ಕಿಳಿಯುತ್ತದೆ. ಅಲ್ಲಿ ಹೊಡೆದುಹಾಕಲು ಒಂದು ಅಯಾನೂ ಸಿಗುವುದಿಲ್ಲ. ವಿನೆಗರ್ ಇನ್ನೊಂದು ಕಗ್ಗಂಟು: ಅದರ ಅಸಿಟಿಕ್ ಆಮ್ಲ ಬಹುಪಾಲು ಬಿಡಿಯಾಗುವುದೇ ಇಲ್ಲ, ಹಾಗಾಗಿ ಇಡಿಯಾಗಿಯೇ ಬರೆಯಬೇಕು.

ಹೂಜಿಗೆ ಇನ್ನೂ ಕೆಲಸವಿದೆ. ಗೀರಿದ ಸಾಲಿಗೆ ಬೆಳ್ಳಿ ತಂತಿ ಬಡಿದು, ಉಜ್ಜಿ, ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣ ಹಚ್ಚುತ್ತಾರೆ. ಈ ಸಲ ಕಪ್ಪು ಕಾಯಂ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅದನ್ನೂ ಪ್ರೇಕ್ಷಕ ಎಂದು ಪರೀಕ್ಷೆಯಲ್ಲಿ ಬರೆದೀರಿ, ಅಂಕ ಹೋದೀತು. ಬೆಳ್ಳಿ ಅಲ್ಲಿ ಅಯಾನೇ ಅಲ್ಲ.