ಸಕ್ಕರೆ ಕಾಯಿಲೆಯವರ ಮನೆಯ ಸಂತೆ ಚೀಲ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಜಂತುಹುಳುವಿನ ಬಗ್ಗೆ. ಈ ಸಲ ಮನುಷ್ಯರ ಊಟದ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೆ ಇದರಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು. ನಾಲ್ಕು ವರ್ಷದಿಂದ ನನಗೂ ಸಕ್ಕರೆ ಕಾಯಿಲೆ ಇದೆ. ಸಂಘಗಳಿಗೆ ಭೇಟಿ ಕೊಟ್ಟಾಗ, ಹಸುವಿನ ವಿಚಾರ ಮುಗಿದ ಮೇಲೆ ಸದಸ್ಯರು ಮೆಲ್ಲನೆ ಕೇಳುವುದೂ ಇದನ್ನೇ: "ಸಾರ್, ಶುಗರ್ ಬಂದೈತೆ. ಬಟವಾಡೆ ದುಡ್ಡಲ್ಲಿ ಏನು ತಂದು ತಿನ್ನೋದು?" ಮಾತ್ರೆಯ ವಿಚಾರವನ್ನು ತಮ್ಮ ವೈದ್ಯರೇ ಹೇಳಬೇಕು. ದುಡ್ಡು ಎಲ್ಲಿ ಪೋಲಾಗುತ್ತದೆ ಎಂಬುದನ್ನು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ.

ಕಾಯಿಲೆ ಗೊತ್ತಾದ ತಿಂಗಳು ನಾನು ಪೇಟೆಗೆ ಹೋಗಿ ಸಕ್ಕರೆ ಕಾಯಿಲೆಯವರಿಗೆಂದೇ ಮಾರುವ ಬಿಸ್ಕತ್ತು, ಓಟ್ಸ್, ಒಂದು ಡಬ್ಬಿ ಪುಡಿ ತಂದೆ. ಆ ಡಬ್ಬಿಯ ದುಡ್ಡಿಗೆ ಮೂರು ನಾಲ್ಕು ಕೆ.ಜಿ. ಹುರುಳಿಕಾಳು ಬರುತ್ತಿತ್ತು. ಪಶು ಆಹಾರದ ಚೀಲದ ಮೇಲಿನ ಚೀಟಿ ಓದಿ ಎಂದು ತಮಗೆಲ್ಲ ಹೇಳುವ ನಾನೇ ಬಿಸ್ಕತ್ತಿನ ಪೊಟ್ಟಣ ಓದಿರಲಿಲ್ಲ. ಆಮೇಲೆ ಓದಿದರೆ, ಮೊದಲ ಪದಾರ್ಥ ಹಿಟ್ಟು, ಅದರ ಹಿಂದೆಯೇ ಎಣ್ಣೆ. ಸಕ್ಕರೆ ಹಾಕದಿದ್ದರೂ ಹಿಟ್ಟು ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ.

ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಒಮ್ಮೆಗೇ ಹಸುವಿಗೆ ಸುರಿದರೆ ಏನಾಗುತ್ತದೆಂದು ತಮಗೆ ಗೊತ್ತು. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಮೆಲುಕು ನಿಲ್ಲುತ್ತದೆ. ನಮ್ಮ ಕಾಯಿಲೆ ಬೇರೆ. ಆದರೆ ಪಿಷ್ಟ ಒಂದೇ ಹೊತ್ತಿಗೆ ಅತಿಯಾಗಬಾರದು ಎಂಬ ಮಾತು ಇಬ್ಬರಿಗೂ ಸಲ್ಲುತ್ತದೆ.

ರಾಗಿಯಾದರೆ ಎಷ್ಟು ಬೇಕಾದರೂ ತಿನ್ನಬಹುದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ಅಷ್ಟೇ ರಾಗಿಯಲ್ಲಿ 67ರಿಂದ 72 ಗ್ರಾಂ ಇದೆ. ಅಂಥ ದೊಡ್ಡ ವ್ಯತ್ಯಾಸವೇನಲ್ಲ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು ಎಂಬುದು ನಿಜ. ಆದ್ದರಿಂದ ರಾಗಿಯನ್ನೇ ಇಟ್ಟುಕೊಳ್ಳಿ, ಮುದ್ದೆಯನ್ನು ಚಿಕ್ಕದು ಮಾಡಿ. ಎರಡು ಮುದ್ದೆ ಉಂಡು ಅದರ ಮೇಲೆ ಅನ್ನ ಬಡಿಸಿಕೊಳ್ಳುವ ಪದ್ಧತಿ ಬಿಡಬೇಕು. ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಬೆಲ್ಲದ ವಿಚಾರವೂ ಇಷ್ಟೇ. ಬಣ್ಣ ಬೇರೆ, ರುಚಿ ಬೇರೆ, ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ.

ಮುದ್ದೆ ಚಿಕ್ಕದಾದರೆ ಹೊಟ್ಟೆ ತುಂಬಬೇಕಲ್ಲ? ಅಲ್ಲಿ ಸೊಪ್ಪು, ಕಾಳು ಬರಬೇಕು. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿಯೇ ಇರಲಿ. ಹಿತ್ತಲಿನ ನುಗ್ಗೆ ಸೊಪ್ಪಿಗೆ, ಹೊಲದ ಬದುವಿನ ಸೊಪ್ಪಿಗೆ ಕಾಸು ಕೊಡಬೇಕಾಗಿಲ್ಲ. ಸಂತೆಗೆ ಹೊತ್ತು ಇಳಿಯುವಾಗ ಹೋಗಿ. ಸೋರೆ, ಹೀರೆ, ಬದನೆ, ಮೂಲಂಗಿ, ಎಲೆಕೋಸನ್ನು ಉಳಿದವರು ಸಿಕ್ಕ ಬೆಲೆಗೆ ಕೊಟ್ಟು ಹೊರಡುತ್ತಾರೆ. ಆಲೂಗಡ್ಡೆ, ಗೆಣಸನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಬೇಡಿ, ಅವು ಅನ್ನದ ಲೆಕ್ಕ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಬಸ್ಸಾರು ಮಾಡಿದಾಗ ಬರೀ ಕಟ್ಟನ್ನು ಸುರಿದುಕೊಳ್ಳದೆ ಕಾಳು, ಸೊಪ್ಪಿನ ಪಲ್ಯವನ್ನೇ ಹೆಚ್ಚು ಬಡಿಸಿಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಇದೆ. ಮೂತ್ರಪಿಂಡದ ತೊಂದರೆ ಇರುವವರು ಕಾಳಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಹಣ್ಣು ಬೇಕೆನಿಸಿದರೆ ಒಂದು ಸೀಬೆ ಹಣ್ಣು ಸಾಕು. ಹಿಂಡಿದ ರಸ ಬೇಡ.

ಇನ್ನು ಹಾಲು. ಇದ್ದ ಹಾಲನ್ನೆಲ್ಲ ಸಂಘಕ್ಕೆ ಅಳೆದು, ಅಂಗಡಿಯ ಬಿಸ್ಕತ್ತು ತರುವ ಮನೆಗಳನ್ನು ಕಂಡಿದ್ದೇನೆ. ಒಕ್ಕೂಟದ ಅಧಿಕಾರಿ ಹೀಗೆ ಬರೆಯಬಹುದೋ ಬಾರದೋ, ಅರ್ಧ ಲೀಟರ್ ಮನೆಗೆ ಇಟ್ಟುಕೊಂಡು ಉಳಿದದ್ದನ್ನು ಹಾಕಿ. 200 ಮಿ.ಲೀ. ಹಾಲಿನಲ್ಲಿ 9-10 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ, ಆದ್ದರಿಂದ ಲೋಟ ಲೋಟ ಕುಡಿಯುವಂತಿಲ್ಲ. ಸಕ್ಕರೆ ಬೆರೆಸದ ಒಂದು ಲೋಟ, ಊಟಕ್ಕೆ ಮಜ್ಜಿಗೆ, ಇಷ್ಟು ಸಾಕು. (ನಮ್ಮದೇ ಪೇಡದ ಬಗ್ಗೆ ದಯವಿಟ್ಟು ಕೇಳಬೇಡಿ.)

ಬಟವಾಡೆಯ ದುಡ್ಡಿನಲ್ಲಿ ಮೊದಲು ತೆಗೆದಿಡಬೇಕಾದದ್ದು ಮಾತ್ರೆಯ ದುಡ್ಡು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯನ್ನೂ ಮಾತ್ರೆಯನ್ನೂ ಉಚಿತವಾಗಿ ಕೊಡುತ್ತಾರೆ, ಮೊದಲು ಅಲ್ಲಿ ಕೇಳಿ. ಹೊರಗೆ ಕೊಳ್ಳಬೇಕಾಗಿ ಬಂದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ. ಪುಡಿ, ಕಷಾಯ ಕೊಂಡು ಮಾತ್ರೆ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಇನ್ಸುಲಿನ್ ಮತ್ತು ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಏಕಾಏಕಿ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಮುದ್ದೆ ಚಿಕ್ಕದು ಮಾಡುವ ಮುನ್ನ ವೈದ್ಯರಿಗೆ ತಿಳಿಸಿ. ಕಳೆದ ವರ್ಷ ಒಂದು ಸಂಘದಲ್ಲಿ ಬೆಳಗಿನ ಸರದಿಯಲ್ಲಿ ನಿಂತಿದ್ದ ಸದಸ್ಯರೊಬ್ಬರು ಬೆವತು, ಕೈ ನಡುಗಿ, ಕ್ಯಾನಿನ ಪಕ್ಕದಲ್ಲೇ ಕುಸಿದರು. ಮಾತ್ರೆ ನುಂಗಿ ಹಾಲು ಕರೆದು ಬಂದಿದ್ದರು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಪ್ರಜ್ಞೆಯಿತ್ತು, ಕಾರ್ಯದರ್ಶಿ ಟೀ ಡಬ್ಬಿಯ ಸಕ್ಕರೆಯನ್ನು ಮೂರು ಚಮಚ ನೀರಿಗೆ ಕದಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಎದ್ದು ಕೂತರು. ಪ್ರಜ್ಞೆ ಇಲ್ಲದವರಿಗೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಅಂದಿನಿಂದ ನನ್ನ ಔಷಧದ ಪೆಟ್ಟಿಗೆಯಲ್ಲಿ ಕ್ಯಾಲ್ಸಿಯಂ ಬಾಟಲಿಯ ಪಕ್ಕ ಒಂದು ಸಕ್ಕರೆ ಪೊಟ್ಟಣ ಇದೆ. ತಮ್ಮ ಜೇಬಿನಲ್ಲೂ ಒಂದಿರಲಿ.