ತಿರುಗಿಸಿದ ಮಾತು

1970ರ ಡಿಸೆಂಬರಿನಲ್ಲಿ ಲೋಕಸಭೆಯು ಅವಧಿಗೆ ಮುನ್ನವೇ ವಿಸರ್ಜಿತವಾಯಿತು. ವಿರೋಧಿಗಳ ಘೋಷಣೆ ‘ಇಂದಿರಾ ಹಟಾವೊ’. ಇಂದಿರಾ ಗಾಂಧಿಯವರು ಅದನ್ನೇ ತಿರುಗಿಸಿ ‘ಗರೀಬಿ ಹಟಾವೊ’ ಎಂದರು. 1971ರ ಮಾರ್ಚಿಯಲ್ಲಿ ಅವರ ಪಕ್ಷಕ್ಕೆ 352 ಸ್ಥಾನಗಳು ಲಭಿಸಿದವು. ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳೂ ಅವುಗಳಲ್ಲಿ ಸೇರಿದ್ದವು.

2019ರ ಹೊತ್ತಿಗೆ ಮಾತನ್ನು ತಿರುಗಿಸುವ ಕೆಲಸ ಜನರ ಕೈಗೆ ಬಂದಿತ್ತು. ಸಿನಿಮಾ ಸಮಾರಂಭವೊಂದರಲ್ಲಿ ಕುಮಾರಸ್ವಾಮಿಯವರು ಮಗನನ್ನು ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಮಾತು ಮೀಮ್ ಆಗಿ ಮಂಡ್ಯದಿಂದ ಯಲಹಂಕದವರೆಗೆ ಮೊಬೈಲುಗಳಲ್ಲಿ ಹರಿದಾಡಿತು. ವಾತ್ಸಲ್ಯದ ‘ಅಪ್ಪ’ ಅಣಕದ ಮೊನೆಯಾಯಿತು. ಮಂಡ್ಯದಲ್ಲಿ ನಿಖಿಲ್ ಅವರು ಸುಮಲತಾ ಅವರೆದುರು 1,25,876 ಮತಗಳಿಂದ ಸೋತರು.

ನಗೆಯೇ ಸೋಲಿಸಿತೆನ್ನಲಾಗದು. ಆದರೆ ಘೋಷಣೆಯೊಂದು ವಾಗ್ದಾನ; ಈಡೇರಿತೇ ಎಂದು ಕೇಳಬಹುದು. ಮೀಮ್ ಏನನ್ನೂ ವಾಗ್ದಾನ ಮಾಡದು. ನಕ್ಕ ಬಳಿಕ ಆ ಪ್ರಶ್ನೆಯನ್ನು ಮತದಾರನೇ ಕೇಳಬೇಕು.