ಪೈಲಟ್ ಆಗುವ ಆಸೆ: ಯಾವ ಪಡೆ ಸೇರಬೇಕು?

ತೇನಿ, ಕಂಬಂ, ದಿಂಡಿಗಲ್ ಕಡೆಯ ಕನ್ನಡ ಮಾತಿನ ಮನೆಗಳಲ್ಲೂ ಪೈಲಟ್ ಆಗಬೇಕೆನ್ನುವ ಮಕ್ಕಳಿರುತ್ತಾರೆ. ಹೆತ್ತವರಿಗೆ ಕೂಡಲೇ ನೆನಪಾಗುವುದು ವಾಯುಪಡೆ. ಆದರೆ ನೌಕಾಪಡೆಗೂ ಭೂಸೇನೆಗೂ ಪೈಲಟ್‌ಗಳು ಬೇಕು. ನೌಕಾಪಡೆಯ ಹೆಲಿಕಾಪ್ಟರ್ ತರಬೇತಿ ಶಾಲೆ ತಮಿಳುನಾಡಿನ ಅರಕ್ಕೋಣದಲ್ಲೇ ಇದೆ. 1986ರಲ್ಲಿ ಆರಂಭವಾದ ಭೂಸೇನೆಯ ವೈಮಾನಿಕ ದಳದಲ್ಲಿ ಪೈಲಟ್‌ಗೆ ಸಿಗುವುದು ಹೆಲಿಕಾಪ್ಟರ್.

ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಒಂದು ಮಾತು ಕೇಳಿ: ಹಾರಾಟ ಕೈತಪ್ಪಿದರೂ ಆ ಸಮವಸ್ತ್ರದಲ್ಲಿ ಉಳಿಯುತ್ತೀಯಾ? ಹಡಗಿನ ಬದುಕು ಒಗ್ಗದವರಿಗೆ ನೌಕಾಪಡೆ ಬೇಡ. ಹಾರಾಟವೇ ಸರ್ವಸ್ವ ಎನ್ನುವವರಿಗೆ ವಾಯುಪಡೆಯೇ ಸರಿ ಎಂದು ನನ್ನ ಅಭಿಪ್ರಾಯ. ಅಲ್ಲಿಯೂ ಯುದ್ಧವಿಮಾನವೋ, ಸಾರಿಗೆ ವಿಮಾನವೋ, ಹೆಲಿಕಾಪ್ಟರೋ ಎಂಬುದನ್ನು ಅಭ್ಯರ್ಥಿಯ ಸಾಮರ್ಥ್ಯ ಮತ್ತು ಪಡೆಯ ಅಗತ್ಯ ನೋಡಿ ಅಧಿಕಾರಿಗಳೇ ನಿರ್ಧರಿಸುತ್ತಾರೆ. ಪೈಲಟ್ ಯೋಗ್ಯತಾ ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ವಾಯುಪಡೆಯ ಹಾರಾಟ ವಿಭಾಗಕ್ಕೆ ಮತ್ತೆ ಅವಕಾಶವಿಲ್ಲ.

ಪ್ಲಸ್ ಒನ್ ಸೇರುವಾಗಲೇ ಎಚ್ಚರ ಬೇಕು. ಎನ್.ಡಿ.ಎ. ಮೂಲಕ ವಾಯುಪಡೆ, ನೌಕಾಪಡೆ ಸೇರಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಮಧುರೈಯಲ್ಲೇ ಕೇಂದ್ರವಿದೆ. ಇನ್ನೂ ಚಿಕ್ಕ ಮಕ್ಕಳಿದ್ದರೆ, ಉಡುಮಲೈ ಬಳಿಯ ಅಮರಾವತಿನಗರದ ಸೈನಿಕ ಶಾಲೆಗೆ ಆರನೆಯ ಮತ್ತು ಒಂಬತ್ತನೆಯ ತರಗತಿಗಳಲ್ಲಿ ಸೇರಿಸಿಕೊಳ್ಳುತ್ತಾರೆ.